ನಲವತ್ತನಾಲ್ಕು ಡಿಗ್ರಿ

ಜುಲೈ ೩, ಗುರುವಾರ

ಕೂಗಬೇಕು ಅನ್ನಿಸಿದಾಗ ಇದರಲ್ಲಿ ಬರಿ ಎಂದು ಮಗಳು ಈ ಡೈರಿ ತಂದುಕೊಟ್ಟದ್ದು ವರ್ಷದ ಮೊದಲಲ್ಲಿ. ಇವತ್ತಿನವರೆಗೆ ಮುಟ್ಟಿರಲಿಲ್ಲ. ಕೂಗಬೇಕು ಅನ್ನಿಸಿದಾಗ ಕೂಗುತ್ತಿದ್ದೆ, ಅಲ್ಲಿಗೆ ಮುಗಿಯುತ್ತಿತ್ತು. ಇವತ್ತು ಆಸ್ಪತ್ರೆಯಲ್ಲಿ ಯಾರ ಮೇಲೆ ಕೂಗುವುದೆಂದು ಗೊತ್ತಾಗಲಿಲ್ಲ. ಕಂಪ್ಯೂಟರಿನ ಮೇಲೆ ಕೂಗಿದರೆ ನೋಡಿದವರು ನನ್ನನ್ನೇ ಬೇರೆ ವಾರ್ಡಿಗೆ ಸೇರಿಸುತ್ತಾರೆ.

ವಿಷಯ ಮೊಮ್ಮಗಳದು. ಹದಿಮೂರು ವರ್ಷ. ಸಣ್ಣಗಿದ್ದಾಳೆಂದು ಹುಟ್ಟಿದಾಗಿನಿಂದ ನಾನು ಅವಳನ್ನು ಕಡ್ಡಿ ಎಂದೇ ಕರೆಯುವುದು. ಈಗ ಆ ಕಡ್ಡಿಯ ಬೆನ್ನುಮೂಳೆ ಪಕ್ಕಕ್ಕೆ ಬಾಗಿದೆ. ಯಾಕೆ ಎಂದರೆ ಡಾಕ್ಟರಿಗೂ ಗೊತ್ತಿಲ್ಲ. “ಬೆಳೆಯೋ ವಯಸ್ಸಲ್ಲಿ ಕೆಲವು ಮಕ್ಕಳಿಗೆ ಹೀಗಾಗುತ್ತೆ ಯಜಮಾನ್ರೇ, ಯಾರ ತಪ್ಪೂ ಅಲ್ಲ” ಎನ್ನುತ್ತಾರೆ. ಯಾರ ತಪ್ಪೂ ಅಲ್ಲದ ಕಾಯಿಲೆ ಇದೆಯೆಂದು ನಾನು ನಂಬುವುದಿಲ್ಲ. ಕತ್ತು ಬಗ್ಗಿಸಿಕೊಂಡು ಫೋನು ನೋಡುವುದು, ಸೋಫಾದ ಮೇಲೆ ಬಟ್ಟೆ ಗಂಟಿನ ಹಾಗೆ ಬಿದ್ದಿರುವುದು, ಇದೆಲ್ಲ ಎಲ್ಲಿಗೆ ಹೋಗುತ್ತದೆ? ನೆಟ್ಟಗೆ ಕೂತ್ಕೋ, ನೆಟ್ಟಗೆ ನಡಿ ಎಂದು ನಾನು ಬಾಯಿ ಬಡಿದುಕೊಂಡದ್ದಕ್ಕೆ ಲೆಕ್ಕವಿಲ್ಲ.

ಫೆಬ್ರವರಿಯಲ್ಲಿ ಮೊದಲ ಎಕ್ಸ್‌ರೇ ತೆಗೆಸಿದಾಗ ಬಾಗು ಮೂವತ್ತೈದು ಡಿಗ್ರಿ ಎಂದಿತ್ತು. ಎದೆಯಿಂದ ಸೊಂಟದವರೆಗೆ ಹಾಕಿಕೊಳ್ಳುವ ಗಟ್ಟಿ ಪ್ಲಾಸ್ಟಿಕ್ಕಿನ ಬೆಲ್ಟು ಕೊಟ್ಟರು. ಆಮೆಯ ಚಿಪ್ಪಿನ ಹಾಗಿದೆ. ಮಲಗುವಾಗಲೂ ಅದರಲ್ಲೇ ಇರಬೇಕು, ಸಂಜೆ ಸ್ವಲ್ಪ ಹೊತ್ತು ಮಾತ್ರ ಬಿಡುವು. ಮೊನ್ನೆ ಎರಡನೆಯ ಎಕ್ಸ್‌ರೇ. ಇವತ್ತು ಕಂಪ್ಯೂಟರಿನಲ್ಲಿ ಅಳೆದು ಹೇಳಿದರು: ನಲವತ್ತನಾಲ್ಕು.

“ನಲವತ್ತೈದು ದಾಟಿದ್ರೆ ಆಪರೇಷನ್ ಯೋಚನೆ ಮಾಡ್ತೀವಿ” ಎಂದರು ಡಾಕ್ಟರು. “ಇವಳದು ಬೆಲ್ಟು ಹಾಕಿದ್ರೂ ಇಷ್ಟು ಬೇಗ ಏರ್ತಿದೆ. ಕಾಯೋದು ಒಳ್ಳೇದಲ್ಲ.”

ಆಪರೇಷನ್ ಎಂದರೆ ಬೆನ್ನುಮೂಳೆಗೆ ಎರಡು ಕಂಬಿ ಇಟ್ಟು ಸ್ಕ್ರೂ ಬಿಗಿಯುವುದು. ನಾನು ಫೋಟೋಗೆ ಫ್ರೇಮ್ ಹಾಕುವವನು. ಸ್ಕ್ರೂ ಎಂದರೇನೆಂದು ನನಗೆ ಗೊತ್ತು. ಪೂರ್ತಿ ಕೇಳಲಾಗದೆ ಎದ್ದು ಬಂದೆ.

ಮೊದಲ ಸಲ ಅವಳನ್ನು ಕರೆದುಕೊಂಡು ಹೋದವನು ನಾನು. ಮೊನ್ನೆ ನನಗೆ ಅಂಗಡಿಯಲ್ಲಿ ಕೆಲಸವಿತ್ತೆಂದು ಮಗಳು ಹೋದಳು. ನಾನು ಹೋಗಿದ್ದರೆ ಹೀಗಾಗುತ್ತಿರಲಿಲ್ಲ.

ಜುಲೈ ೫, ಶನಿವಾರ

ಫ್ರೇಮಿನ ಪ್ರತಿ ಮೂಲೆಯನ್ನೂ ನಲವತ್ತೈದು ಡಿಗ್ರಿಗೆ ಕೊಯ್ಯಬೇಕು. ಅಂಥ ಎರಡು ತುದಿ ಸೇರಿದರೆ ಒಂದು ಮೂಲೆ. ಐದನೇ ಕ್ಲಾಸಿಗೆ ಶಾಲೆ ಬಿಟ್ಟವನಿಗೆ ಬರುವ ಗಣಿತ ಇದೊಂದೇ, ಇದರಿಂದಲೇ ಮನೆ ಕಟ್ಟಿದ್ದು. ಇವತ್ತು ಗರಗಸ ಹಿಡಿದು, ಮೊದಲೇ ಕೊಯ್ದಿಟ್ಟ ಮರದ ಪಟ್ಟಿಯ ತುದಿ ನೋಡಿದೆ. ಇಷ್ಟು ಓರೆಯೇ? ಒಂದು ಮಗುವಿನ ಬೆನ್ನು ಇಷ್ಟು ಓರೆಯಾಗಿದ್ದರೆ ಅವಳು ನಡೆಯುವುದಾದರೂ ಹೇಗೆ?

ಕೊಯ್ಯಲಿಲ್ಲ. ಅಂಗಡಿ ಮುಚ್ಚಿದೆ. ಮನೆಗೆ ಹೋದೆ. ಮನೆಯಲ್ಲೂ ಕೂರಲಾಗಲಿಲ್ಲ. ಮತ್ತೆ ಅಂಗಡಿ ತೆಗೆದೆ.

ಜುಲೈ ೯, ಬುಧವಾರ

ಯಾರನ್ನೂ ನಂಬದೆ ನಾನೇ ಅಳೆದೆ. ಎಕ್ಸ್‌ರೇ ಫಿಲ್ಮನ್ನು ಅಂಗಡಿಯ ಗಾಜಿನ ಮೇಲಿಟ್ಟು, ಅಡಿಯಲ್ಲಿ ಬಲ್ಬು ಹಾಕಿ, ಕಡ್ಡಿಯ ಜಾಮಿಟ್ರಿ ಬಾಕ್ಸಿನಿಂದ ಕೋನಮಾಪಕ ತಂದು ಗೆರೆ ಎಳೆದೆ. ಮೂವತ್ತೆಂಟು! ಎರಡು ಸಲ ಅಳೆದರೂ ಮೂವತ್ತೆಂಟು. ಫಿಲ್ಮು ಸುತ್ತಿಕೊಂಡು ನೇರ ಆಸ್ಪತ್ರೆಗೆ ಹೋದೆ. ಡಾಕ್ಟರು ಆಪರೇಷನ್ನಿನಲ್ಲಿದ್ದರು. ಕಂಪ್ಯೂಟರಿನಲ್ಲಿ ಬೆನ್ನು ಅಳೆಯುವ ಹುಡುಗಿ ಸಿಕ್ಕಳು. ಆ ಅಳತೆಯ ಪ್ರೋಗ್ರಾಮು ಬರೆದವಳೂ ಅವಳೇ ಅಂತೆ.

“ಬನ್ನಿ ಅಂಕಲ್” ಎಂದಳು.

ಮುಂದಿನ ಮೂರು ಹಲ್ಲಿಲ್ಲದವನನ್ನು ಅಂಕಲ್ ಎನ್ನುವವಳ ಲೆಕ್ಕವನ್ನು ನಂಬುವುದು ಹೇಗೆ?

“ನಿನ್ನ ಯಂತ್ರ ಸುಳ್ಳು ಹೇಳ್ತಿದೆ. ನಾನು ಅಳೆದೆ, ಮೂವತ್ತೆಂಟು” ಎಂದೆ.

ಅವಳು ನಗಲಿಲ್ಲ. ಅದೊಂದು ಒಳ್ಳೆಯದು ಮಾಡಿದಳು. ಕುರ್ಚಿ ಎಳೆದು ಕೂರಿಸಿ ತೋರಿಸಿದಳು. ಪರದೆಯ ಮೇಲೆ ಕಡ್ಡಿಯ ಬೆನ್ನು ಬಂತು, ಮಂಜು ಕೂತ ಗಾಜಿನ ಹಿಂದಿನಿಂದ ನೋಡಿದ ಹಾಗೆ. ಒಂದು ಗುಂಡಿ ಒತ್ತಿದಳು. ಮಂಜು ಒರೆಸಿದ ಹಾಗೆ ಮೂಳೆಗಳು ಬೆಳ್ಳಗೆ ಎದ್ದು ಬಂದವು. ಇನ್ನೊಂದು ಒತ್ತಿದಳು. ಮೂಳೆ ಎಲ್ಲಿ ಮುಗಿದು ಕಪ್ಪು ಎಲ್ಲಿ ಶುರುವಾಗುತ್ತದೆ ಎಂದು ಅದೇ ಹುಡುಕಿ ಅಂಚಿಗೆ ಹಸಿರು ಗೆರೆ ಎಳೆಯಿತು. ಆಮೇಲೆ ಒಂದೊಂದು ಮೂಳೆಗೂ ಒಂದೊಂದು ಚೌಕಟ್ಟು. ಮೇಲಿನಿಂದ ಕೆಳಗಿನವರೆಗೆ ಸಾಲಾಗಿ ಫ್ರೇಮ್ ಹಾಕಿದ ಹಾಗೆ. ನನ್ನ ಕೆಲಸದ ಹಾಗೆಯೇ ಕಂಡಿತು. ಅದಕ್ಕೆ ಇನ್ನೂ ಸಿಟ್ಟು ಬಂತು.

“ಮೇಲುಗಡೆ ಎಲ್ಲಕ್ಕಿಂತ ಜಾಸ್ತಿ ವಾಲಿರೋ ಮೂಳೆ ಇದು. ಕೆಳಗಡೆ ಇದು. ಎರಡಕ್ಕೂ ಗೆರೆ ಎಳೆದ್ರೆ ಮಧ್ಯ ಬರೋ ಕೋನವೇ ಬಾಗು. ನೀವು ಕೆಳಗಿನ ಗೆರೆನ ಒಂದು ಮೂಳೆ ಮೇಲೆ ಎಳೆದಿದ್ದೀರಿ, ನೋಡಿ. ಇದಕ್ಕಿಂತ ಅದು ನೆಟ್ಟಗಿದೆ. ಅದಕ್ಕೇ ಕಮ್ಮಿ ಬಂತು.”

“ಎರಡು ಸಲ ಅಳೆದಿದ್ದೀನಿ.”

“ಎರಡು ಸಲಾನೂ ನಿಮಗೆ ಬೇಕಾದ ಮೂಳೆನೇ ಹಿಡಿದಿದ್ದೀರಿ ಅಂಕಲ್. ಇದಕ್ಕೆ ಬೇಕು ಬೇಡ ಅನ್ನೋದಿಲ್ಲ. ಡಾಕ್ಟರೂ ಪೆನ್ಸಿಲ್ ಸ್ಕೇಲ್ ಇಟ್ಟು ಕೈಯಲ್ಲಿ ಅಳೆದಿದ್ದಾರೆ. ಅವರದು ನಲವತ್ತೈದು ಬಂದಿದೆ.”

ಏನೋ ಹೇಳಿ ಬಂದೆ. ಏನು ಹೇಳಿದೆನೆಂದು ಬರೆಯುವುದಿಲ್ಲ.

ಜುಲೈ ೧೦, ಗುರುವಾರ

ಮತ್ತೆ ಅಳೆದೆ. ಅವಳು ತೋರಿಸಿದ ಮೂಳೆ ಹಿಡಿದೇ ಅಳೆದೆ. ನಲವತ್ತನಾಲ್ಕು. ದರಿದ್ರ ಕೋನಮಾಪಕ.

ಜುಲೈ ೧೫, ಮಂಗಳವಾರ

ಮಧ್ಯಾಹ್ನ ಅಂಗಡಿಯಲ್ಲಿ ದೊಡ್ಡ ಗಾಜು ಒಡೆಯಿತು. ನನ್ನ ತಪ್ಪಲ್ಲ, ಗಾಜೇ ಸರಿಯಿರಲಿಲ್ಲ. ಶಾಲೆಯಿಂದ ಬಂದ ಕಡ್ಡಿ ಚೂರು ಆರಿಸಲು ಬಂದಳು. ಬೆಲ್ಟು ಹಾಕಿಕೊಂಡರೆ ಸೊಂಟ ಬಗ್ಗುವುದಿಲ್ಲವಲ್ಲ. ಬೆನ್ನು ಗೋಡೆಯ ಹಾಗೆ ಇಟ್ಟುಕೊಂಡು ಮಂಡಿ ಮಾತ್ರ ಮಡಚಿ ಕುಕ್ಕರುಗಾಲಲ್ಲಿ ಇಳಿದಳು, ಕೊಕ್ಕರೆ ಮೀನಿಗೆ ಇಳಿದ ಹಾಗೆ. ನನಗೆ ನಗು ಬಂತು. ಅವಳಿಗೂ ಬಂತು. ಬೆಲ್ಟಿನೊಳಗೆ ನಕ್ಕರೆ ನೋಯುತ್ತದಂತೆ.

“ಕಂಬಿ ಹಾಕಿದ್ಮೇಲೆ ಯಾವಾಗ್ಲೂ ಹೀಗೇನಾ ತಾತ?”

“ನಂಗೇನ್ ಗೊತ್ತು. ಡಾಕ್ಟ್ರನ್ನ ಕೇಳು.”

ಇನ್ನೆರಡು ಚೂರು ಆರಿಸಿದಳು. ಆಮೇಲೆ, “ತಾತ, ಬೈಯಲ್ಲ ಅಂದ್ರೆ ಒಂದು ವಿಷಯ ಹೇಳ್ಲಾ?”

“ಬೈತೀನಿ. ಹೇಳು.”

“ಹಂಗಾದ್ರೆ ಬೇಡ ಬಿಡು.”

ಎದ್ದು ಹೊರಟೇಹೋದಳು. ಈಗಿನ ಮಕ್ಕಳ ಕೊಬ್ಬು ನೋಡಿ.

ಜುಲೈ ೧೭, ಗುರುವಾರ

ಅವಳು ಏನು ಹೇಳಹೊರಟಿದ್ದಳು? ಎರಡು ದಿನದಿಂದ ತಲೆಯಲ್ಲಿ ಹುಳ ಬಿಟ್ಟ ಹಾಗಾಗಿದೆ. ಹೊಳೆಯಿತು: ಶಾಲೆಯಲ್ಲಿ ಬೆಲ್ಟು ಬಿಚ್ಚಿಡುತ್ತಿದ್ದಾಳೆ! ಅದಕ್ಕೇ ಡಿಗ್ರಿ ಏರಿದೆ. ಕೂಡಿಸಿಕೊಂಡು ಕೇಳಿದೆ. ಇಲ್ಲ ಎಂದಳು. ಕಣ್ಣಲ್ಲಿ ಕಣ್ಣಿಟ್ಟು ಕೇಳಿದೆ. ಇಲ್ಲ ಎಂದಳು. ಐಸ್‌ಕ್ರೀಮ್ ಕೊಡಿಸುತ್ತೇನೆ ಎಂದೆ. ತಿಂದಳು, ಮತ್ತೆ ಇಲ್ಲವೆಂದಳು. ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ ಎಂದು ಬೈದೆ.

ಅಡುಗೆಮನೆಯಿಂದ ಮಗಳು ಕೂಗಿದಳು: “ಬಗ್ಗಿರೋದೇ ಈಗ ತೊಂದ್ರೆ ಆಗಿರೋದು ಅಪ್ಪ. ಬೇರೆ ಗಾದೆ ಹುಡುಕು.”

“ಅವಳು ಏನೋ ಮುಚ್ಚಿಡ್ತಿದ್ದಾಳೆ.”

“ಮುಚ್ಚಿಡದೆ ಏನ್ಮಾಡ್ತಾಳೆ? ನಿನ್ನ ಹತ್ರ ಏನಾದ್ರೂ ಹೇಳ್ಬೇಕಂದ್ರೆ ನಡುವೆ ಒಂದು ಜಾಗ ಸಿಗ್ಬೇಕಲ್ಲ. ನೀನು ಉಸಿರು ಎಳ್ಕೊಳ್ಳೋವಾಗ ಮಾತ್ರ ಬೇರೆಯವರಿಗೆ ಸರದಿ ಬರೋದು.”

ಅವಳಮ್ಮನ ಬಾಯಿ ಇವಳಿಗೆ ಬಂದಿದೆ. ಅಳಿಯ ತಿಂಗಳುಗಟ್ಟಲೆ ಲಾರಿಯ ಮೇಲೆ ಯಾಕಿರುತ್ತಾನೆಂದು ಈಗ ಗೊತ್ತಾಗುತ್ತಿದೆ.

ಜುಲೈ ೨೧, ಸೋಮವಾರ

ಡಾಕ್ಟರು ಕರೆಸಿದ್ದರು. ಮುಂದಿನ ತಿಂಗಳು ಆಪರೇಷನ್ ಇಟ್ಟುಕೊಳ್ಳೋಣ ಎಂದರು. ಬೆನ್ನಿನ ಅಷ್ಟು ಭಾಗ ಮತ್ತೆ ಬಗ್ಗುವುದಿಲ್ಲ, ಒಂದೇ ಮೂಳೆಯ ಹಾಗೆ ಕೂಡಿಕೊಳ್ಳುತ್ತದೆ. ಉಳಿದಂತೆ ಎಲ್ಲ ಮಾಡಬಹುದು ಎಂದರು. ಎಲ್ಲ ಎಂದರೆ ಏನು? ಕಡ್ಡಿ ಈಜುತ್ತಾಳೆ. ಹಗ್ಗದಾಟ ಆಡುತ್ತಾಳೆ. ನೆಲದ ಮೇಲೆ ಬೋರಲಾಗಿ ಮಲಗಿ ಚಿತ್ರ ಬರೆಯುತ್ತಾಳೆ.

“ಬೇರೆ ದಾರಿ ಇಲ್ವಾ?” ಎಂದು ಮಗಳು ಕೇಳಿದಳು.

“ಬಾಗು ಇದ್ದಲ್ಲೇ ನಿಂತಿದ್ರೆ ಬೆಲ್ಟಲ್ಲೇ ಕಾಯಬಹುದಿತ್ತಮ್ಮ. ಆದ್ರೆ ಐದು ತಿಂಗಳಲ್ಲಿ ಒಂಬತ್ತು ಡಿಗ್ರಿ ಏರಿದೆ. ಅದೇ ಭಯ.”

ನಾನು ಎದ್ದೆ. ಕೂಗಿದೆ. ಬೆಲ್ಟು ಸರಿಯಿಲ್ಲ, ಯಂತ್ರ ಸರಿಯಿಲ್ಲ, ಓದಿದವರೆಲ್ಲ ಸೇರಿ ಒಂದು ಮಗುವನ್ನು ನೆಟ್ಟಗಿಡಲು ಆಗಲಿಲ್ಲವೇ ಎಂದು ಕೂಗಿದೆ. ವರಾಂಡದಲ್ಲಿದ್ದವರೆಲ್ಲ ಇಣುಕಿ ನೋಡಿದರು. ಕಡ್ಡಿ ಗೋಡೆಗೆ ಒತ್ತಿಕೊಂಡು ಕಟ್ಟಿಗೆಯ ಹಾಗೆ ನಿಂತಿದ್ದಳು. ಕೂಗುತ್ತಾ ಕೂಗುತ್ತಾ ಗಂಟಲು ಪಟಕ್ಕೆಂದಿತು. ಬರೀ ಗಾಳಿ ಬಂತು.

ಡಾಕ್ಟರು ಟಾರ್ಚು ಹಿಡಿದು ಬಾಯಿ ನೋಡಿದರು. “ಧ್ವನಿಪೆಟ್ಟಿಗೆ ಊದ್ಕೊಂಡಿರ್ಬೇಕು ಯಜಮಾನ್ರೇ. ಒಂದು ವಾರ ಮಾತಾಡ್ಬೇಡಿ. ಪಿಸುಮಾತೂ ಬೇಡ.”

ಹಿಂದೆ ನಿಂತಿದ್ದ ನರ್ಸು ದೇವರು ದೊಡ್ಡವನು ಎಂದದ್ದು ನನಗೆ ಕೇಳಿಸಿತು.

ಜುಲೈ ೨೩, ಬುಧವಾರ

ಮಾತಿಲ್ಲದೆ ಅಂಗಡಿ ನಡೆಸುವುದು ನರಕ. ಗಿರಾಕಿಗಳು ನನಗೆ ಕಿವಿಯೂ ಕೇಳುವುದಿಲ್ಲವೆಂದುಕೊಂಡು ಜೋರಾಗಿ ಕಿರುಚುತ್ತಾರೆ.

ಸಂಜೆ ಕಡ್ಡಿ ಬಂದಳು. ಸ್ಟೂಲಿನ ಮೇಲೆ ಕೂತು ನನ್ನನ್ನೇ ನೋಡಿದಳು.

“ನಿಜವಾಗ್ಲೂ ಮಾತಾಡೋಕೆ ಆಗಲ್ವಾ?”

ಇಲ್ಲವೆಂದು ತಲೆಯಾಡಿಸಿದೆ.

“ಸ್ವಲ್ಪಾನೂ?”

ಆಣೆ ಮಾಡುವವನ ಹಾಗೆ ಎದೆ ಮುಟ್ಟಿ ತೋರಿಸಿದೆ.

ಆಮೇಲೆ ಹೇಳಿದಳು. ನನ್ನ ಮುಖ ನೋಡದೆ, ಫ್ರೇಮಿಗೆ ಹೊಡೆಯುವ ಸಣ್ಣ ಮೊಳೆಗಳನ್ನು ಮೇಜಿನ ಮೇಲೆ ಒಂದೊಂದಾಗಿ ಸಾಲಿಡುತ್ತಾ ಹೇಳಿದಳು.

“ಫೆಬ್ರವರಿಲಿ ಎಕ್ಸ್‌ರೇ ತೆಗೆದಾಗ ನೀನು ಬಾಗಿಲಲ್ಲಿ ನಿಂತಿದ್ದೆ. ನೆಟ್ಟಗೆ ನಿಂತ್ಕೋ, ಇನ್ನೂ ನೆಟ್ಟಗೆ, ಮರ್ಯಾದೆ ಕಳೀಬೇಡ ಅಂತಿದ್ದೆ. ಎಕ್ಸ್‌ರೇ ಮಾಮ ಬಾಗಿಲು ಹಾಕಿದ್ಮೇಲೂ ಕೇಳಿಸ್ತಿತ್ತು. ಅದಕ್ಕೆ ನಾನು ಒಂದು ಹಿಮ್ಮಡಿ ಎತ್ಕೊಂಡೆ. ಪಕ್ಕೆ ಹೀಗೆ ಒಳಗೆ ಎಳ್ಕೊಂಡೆ. ಉಸಿರು ಕಟ್ಟಿ ಬಿಗಿಯಾಗಿ ನಿಂತೆ. ಹಂಗೆ ಮಾಡಿದ್ರೆ ಕನ್ನಡೀಲಿ ಸ್ವಲ್ಪ ನೆಟ್ಟಗೆ ಕಾಣ್ತೀನಿ. ಮನೇಲಿ ನೀನು ಬಂದಾಗೆಲ್ಲ ಹಂಗೇ ಮಾಡೋದು.”

ಮೊಳೆಯ ಸಾಲು ಮೇಜಿನ ಅಂಚಿಗೆ ಬಂತು.

“ಈ ಸಲ ಅಮ್ಮ ಬಂದಿದ್ಲು. ಅವಳು ಹೊರಗೆ ಕೂತಿದ್ಲು. ನಂಗೆ ಸುಸ್ತಾಗಿತ್ತು. ಸುಮ್ನೆ ನಿಂತೆ. ಬಾಗು ಈಗ ಬೆಳೆದಿದ್ದಲ್ಲ ತಾತ. ಮೊದ್ಲೇ ಅಷ್ಟಿತ್ತು ಅನ್ಸುತ್ತೆ. ನಾನು ಮೋಸ ಮಾಡ್ದೆ. ಡಾಕ್ಟ್ರಿಗೆ ಹೇಳಿದ್ರೆ ಬೈತಾರಾ?”

ನಾನು ಬಾಯಿ ತೆರೆದೆ. ಏನು ಹೇಳಲು ತೆರೆದೆನೋ ಗೊತ್ತಿಲ್ಲ. ಗಾಳಿಯೇ ಬಂತು. ಧ್ವನಿ ಇದ್ದಿದ್ದರೆ ಖಂಡಿತ ಬೈಯುತ್ತಿದ್ದೆ, ಅಷ್ಟು ಮಾತ್ರ ಗೊತ್ತು. ಅವಳಿಗೆ ಬೈಯುತ್ತಿದ್ದೆನೋ ಯಾರಿಗೋ.

ಮೊಳೆಗಳನ್ನು ಡಬ್ಬಿಗೆ ತುಂಬಿದೆ. ಅಂಗಡಿಗೆ ಬೀಗ ಹಾಕಿದೆ. ಇಬ್ಬರೂ ಮನೆಗೆ ನಡೆದೆವು. ದಾರಿಯುದ್ದಕ್ಕೂ ಅವಳು ನನ್ನ ಪಕ್ಕದಲ್ಲಿ ನಡೆಯುತ್ತಿದ್ದಳು, ಒಂದು ಭುಜ ಇಳಿದು. ಅವಳು ಹೀಗೆ ನಡೆಯುತ್ತಾಳೆಂದು ನನಗೆ ಗೊತ್ತಿರಲಿಲ್ಲ.

ಜುಲೈ ೨೫, ಶುಕ್ರವಾರ

ಆಸ್ಪತ್ರೆಗೆ ಹೋದೆವು. ನನಗೆ ಧ್ವನಿ ಇಲ್ಲ. ಮಗಳು ಬಾಯಿ ತೆಗೆಯುವ ಮೊದಲು ಕಡ್ಡಿಯೇ ಡಾಕ್ಟರ ಮುಂದೆ ನಿಂತು ಹೇಳಿದಳು. ಹಿಮ್ಮಡಿ ಎತ್ತಿದ್ದು, ಪಕ್ಕೆ ಎಳೆದುಕೊಂಡದ್ದು, ಉಸಿರು ಕಟ್ಟಿದ್ದು.

ಡಾಕ್ಟರು ಬೈಯಲಿಲ್ಲ. ಕಂಪ್ಯೂಟರ್ ಹುಡುಗಿಯನ್ನು ಕರೆಸಿದರು. ಅವಳು ಎರಡು ಫಿಲ್ಮನ್ನೂ ಪರದೆಯ ಮೇಲೆ ಅಕ್ಕಪಕ್ಕ ಇಟ್ಟಳು. ಇಷ್ಟು ದಿನ ಯಂತ್ರವನ್ನು ಬೆನ್ನಿನ ಬಾಗು ಮಾತ್ರ ಕೇಳಿದ್ದರು, ಅದು ಬಾಗನ್ನೇ ಹೇಳಿತ್ತು. ಇವತ್ತು ಸೊಂಟದ ಮೂಳೆಯ ಅಂಚು ಹುಡುಕು ಎಂದಳು. ಹಸಿರು ಗೆರೆ ಬಂತು. ಜುಲೈ ಫಿಲ್ಮಿನಲ್ಲಿ ಸೊಂಟ ಮಟ್ಟಸವಾಗಿತ್ತು. ಫೆಬ್ರವರಿಯದರಲ್ಲಿ ಬಲಗಡೆ ಬೆರಳಿನಷ್ಟು ಮೇಲೆದ್ದಿತ್ತು. ಎರಡನ್ನೂ ಒಂದರ ಮೇಲೊಂದು ಇಟ್ಟಳು. ಫೆಬ್ರವರಿಯ ಪಕ್ಕೆಲುಬುಗಳು ಹಿಗ್ಗಿ ನಿಂತಿದ್ದವು, ಗಾಳಿ ತುಂಬಿದ ಚೀಲದ ಹಾಗೆ.

“ನಾನೂ ಅವತ್ತು ಈ ಸೊಂಟ ನೋಡಿದ್ದೆ. ಒಂದು ಕಾಲು ಉದ್ದ ಇರಬೇಕು ಅಂದ್ಕೊಂಡು ಬಿಟ್ಟೆ” ಎಂದರು ಡಾಕ್ಟರು. ಅವಳನ್ನು ಮಲಗಿಸಿ ಟೇಪು ಹಿಡಿದು ಕಾಲು ಅಳೆದರು. ಎರಡೂ ಸಮ.

“ಮಷೀನು ತಪ್ಪಾಗಿ ಅಳೆದಿಲ್ಲ ಸರ್. ಇವಳು ನಿಂತ ಹಾಗೆ ಅಳೆದಿದೆ” ಎಂದಳು ಕಂಪ್ಯೂಟರ್ ಹುಡುಗಿ.

ಡಾಕ್ಟರು ಯೋಚಿಸಿದರು. ಒಂಬತ್ತು ಡಿಗ್ರಿಯೂ ನಿಂತ ರೀತಿಯಿಂದಲೇ ಬಂತೆಂದು ಈಗ ಹೇಳಲಾಗುವುದಿಲ್ಲವಂತೆ. ಸ್ವಲ್ಪ ಬೆಳೆದಿದ್ದರೂ ಇರಬಹುದು. ಪದೇ ಪದೇ ಎಕ್ಸ್‌ರೇ ತೆಗೆಯುವುದೂ ಮಗುವಿಗೆ ಒಳ್ಳೆಯದಲ್ಲ. ಅಕ್ಟೋಬರಿನವರೆಗೆ ಬೆಲ್ಟಿನಲ್ಲೇ ಇರಲಿ, ಆಮೇಲೆ ಒಂದು ತೆಗೆಯೋಣ. ನಲವತ್ತನಾಲ್ಕರ ಹತ್ತಿರವೇ ಇದ್ದರೆ ಆಪರೇಷನ್ ಬೇಡ. ಮೇಲೆ ಹೋಗಿದ್ದರೆ ಬೇರೆ ಮಾತಿಲ್ಲ. ಹೀಗೆಂದರು.

“ಅವತ್ತು ಯಾಕೆ ಪುಟ್ಟಾ ಹಾಗೆ ನಿಂತೆ?” ಎಂದು ಡಾಕ್ಟರು ಕೇಳಿದರು.

ಕಡ್ಡಿ ನನ್ನ ಕಡೆ ನೋಡಲಿಲ್ಲ. “ಫೋಟೋ ಚೆನ್ನಾಗಿ ಬರ್ಲಿ ಅಂತ” ಎಂದಳು.

ಎಲ್ಲರೂ ನಕ್ಕರು. ಬಾಗಿಲಲ್ಲಿ ಯಾರಿದ್ದರೆಂದು ಡಾಕ್ಟರು ಕೇಳಲಿಲ್ಲ, ಅವಳೂ ಹೇಳಲಿಲ್ಲ. ಹೇಳಬಹುದಿತ್ತು. ನಾನು ಮೇಜಿನ ಮೇಲಿದ್ದ ಚೀಟಿಯಲ್ಲಿ ಬರೆದುಕೊಡೋಣವೆಂದು ಪೆನ್ನು ತೆಗೆದೆ. ಅಷ್ಟರಲ್ಲಿ ಮುಂದಿನ ರೋಗಿಯನ್ನು ಕರೆದುಬಿಟ್ಟರು.

ಆಗಸ್ಟ್ ೧೪, ಗುರುವಾರ

ಗಂಟಲು ಸರಿಯಾಗಿ ಎಷ್ಟೋ ದಿನವಾಯಿತು. ಅಂಗಡಿಗೆ ಬಂದವರು, “ಇನ್ನೂ ಸರಿಹೋಗಿಲ್ವಾ?” ಎಂದು ಕೇಳುತ್ತಾರೆ. ಸರಿಯಿದೆ ಎನ್ನುತ್ತೇನೆ. ಹೌದಾ ಎಂದು ಮುಖ ನೋಡುತ್ತಾರೆ. ಜನಕ್ಕೆ ಬೇರೆ ಕೆಲಸವಿಲ್ಲ.

ಬೆಲ್ಟಿನ ಅಂಚು ತಾಗಿ ಕಡ್ಡಿಯ ಕಂಕುಳಡಿ ಕೆಂಪಾಗಿದೆ. ಫ್ರೇಮಿನ ಹಿಂಬದಿಗೆ ಅಂಟಿಸುವ ಮೆತ್ತನೆಯ ಬಟ್ಟೆ ಕೊಯ್ದು ಅಂಚಿಗೆ ಸುತ್ತಿದೆ. ಒಂದು ಕಡೆ ಸುಕ್ಕು ಬಂತು, ಬಿಚ್ಚಿ ಮತ್ತೆ ಸುತ್ತಿದೆ.

ಸೆಪ್ಟೆಂಬರ್ ೧೯, ಶುಕ್ರವಾರ

ನಿದ್ದೆ ಇಲ್ಲ, ಹಸಿವಿಲ್ಲ. ಅಕ್ಟೋಬರ್ ಬೇಗ ಬರಲಿ ಎಂದೂ ಅನ್ನಿಸುತ್ತದೆ, ಬರದೇ ಹೋಗಲಿ ಎಂದೂ ಅನ್ನಿಸುತ್ತದೆ. ಮಗಳು ಡೈರಿ ಬರೆದೆಯಾ ಎಂದು ಕೇಳಿದಳು. ಬರೆಯಲು ಏನಿದೆ?

ಅಕ್ಟೋಬರ್ ೨೮, ಮಂಗಳವಾರ

ಎಕ್ಸ್‌ರೇಗೆ ಮೂವರೂ ಹೋದೆವು. ಮಗಳು ವರಾಂಡದ ಬೆಂಚಿನಲ್ಲಿ ಕೂತಳು. ನನಗೆ ಟೀ ಬೇಕೆನಿಸಿತು. ಆಸ್ಪತ್ರೆಯ ಒಳಗಿನ ಟೀ ಕುಡಿಯಲು ಯೋಗ್ಯವಲ್ಲ. ಗೇಟು ದಾಟಿ, ರಸ್ತೆ ದಾಟಿ, ಎದುರಿನ ಅಂಗಡಿಗೆ ಹೋದೆ. ಅಲ್ಲಿಂದ ಯಾರು ಎಷ್ಟು ಕೂಗಿದರೂ ಒಳಗೆ ಕೇಳುವುದಿಲ್ಲ. ಲೋಟ ಕೈಯಲ್ಲೇ ಆರಿಹೋಯಿತು. ಇನ್ನೊಂದು ಹೇಳಿದೆ. ಅದೂ ಆರಿತು.

“ಕುಡಿಯೋಕೆ ತಗೊಳ್ತೀರೋ, ಕೈ ಕಾಯಿಸ್ಕೊಳ್ಳೋಕೋ?” ಎಂದು ಟೀಯವನು ಕೇಳಿದ. ಮೂರನೆಯದು ಹೇಳಿದೆ.

ಕಂಪ್ಯೂಟರ್ ಹುಡುಗಿ ಚಪ್ಪಲಿ ಪಟಪಟ ಮಾಡಿಕೊಂಡು ರಸ್ತೆ ದಾಟಿ ಓಡಿ ಬಂದಳು. ಎರಡೂ ಕಡೆ ನೋಡದೆ ಬಂದಳು, ಬುದ್ಧಿಯಿಲ್ಲದವಳು.

“ಅಂಕಲ್! ನಲವತ್ತಮೂರು! ಸೊಂಟ ಮಟ್ಟಸ ಇದೆ, ಅದನ್ನೂ ನೋಡ್ದೆ. ಡಾಕ್ಟರು ಕೈಯಲ್ಲಿ ಅಳೆದ್ರು, ನಲವತ್ತನಾಲ್ಕು!”

ಒಂದೆರಡು ಡಿಗ್ರಿ ಆಚೀಚೆ ಬರುವುದು ಅಳತೆಯಲ್ಲಿ ಇದ್ದದ್ದೇ. ಬಾಗು ಬೆಳೆದಿಲ್ಲ. ಆಪರೇಷನ್ ಇಲ್ಲ. ಬೆಳವಣಿಗೆ ನಿಲ್ಲುವವರೆಗೆ ಬೆಲ್ಟು ಹಾಕಬೇಕು. ಇದ್ದ ಬಾಗು ಪೂರ್ತಿ ಹೋಗುವುದಿಲ್ಲ, ಅವಳು ಹೀಗೆಯೇ ಇರುತ್ತಾಳೆ ಎಂದರು ಡಾಕ್ಟರು. ಇರಲಿ ಎಂದೆ.

ಕಂಪ್ಯೂಟರ್ ಹುಡುಗಿಗೆ ಟೀ ಕೊಡಿಸಿದೆ. ಅಂಕಲ್ ಎನ್ನಬೇಡ, ತಾತ ಎನ್ನು ಎಂದೆ.

ನವೆಂಬರ್ ೪, ಮಂಗಳವಾರ

ಸಂಜೆ ಕಡ್ಡಿಗೆ ಬೆಲ್ಟು ಬಿಚ್ಚಿಡುವ ಹೊತ್ತು. ಅಂಗಡಿಯ ಸ್ಟೂಲಿನ ಮೇಲೆ ಒಂದು ಕಾಲು ಮಡಚಿಕೊಂಡು, ಗೋಡೆಗೆ ಒರಗಿ, ಬಿಸ್ಕತ್ತು ತಿನ್ನುತ್ತಾ ಏನೋ ಓದುತ್ತಿದ್ದಳು. ಚೂರೆಲ್ಲ ನೆಲದ ಮೇಲೆ. ಬ್ಯಾಂಕಿನ ಸಾಹೇಬರು ತಮ್ಮ ಗ್ರೂಪ್ ಫೋಟೋದ ಫ್ರೇಮ್ ಒಯ್ಯಲು ಬಂದರು. ದೊಡ್ಡ ಗಿರಾಕಿ. ಅವಳನ್ನು ಮೇಲಿಂದ ಕೆಳಗೆ ನೋಡಿ, “ಏನಮ್ಮಾ, ಈ ವಯಸ್ಸಿಗೇ ಹೀಗೆ ಸೊಟ್ಟಗೆ ಕೂತರೆ ಹೇಗೆ? ಬೆನ್ನು ನೆಟ್ಟಗೆ ಮಾಡು” ಎಂದರು.

ಕಡ್ಡಿ ಅವರನ್ನು ನೋಡಲಿಲ್ಲ. ನನ್ನನ್ನು ನೋಡಿದಳು. ಅವಳ ಹಿಮ್ಮಡಿ ನೆಲದಿಂದ ಏಳುತ್ತಿತ್ತು.

“ನಿಮ್ಮ ಫ್ರೇಮ್ ಆಗಿಲ್ಲ ಸಾರ್. ನಾಳೆ ಬನ್ನಿ” ಎಂದೆ.

“ಅಲ್ಲೇ ಇದೆಯಲ್ರೀ, ಕಾಣ್ತಾ ಇದೆ!”

“ಅದರ ಮೂಲೆ ಕೂತಿಲ್ಲ. ನಾಳೆ ಬನ್ನಿ.”

ಗೊಣಗಿಕೊಂಡು ಹೋದರು. ಹಿಮ್ಮಡಿ ಕೆಳಗಿಳಿಯಿತು. ಅವಳು ಇನ್ನೊಂದು ಬಿಸ್ಕತ್ತು ತೆಗೆದಳು.

ಮೂಲೆ ಸರಿಯಾಗಿಯೇ ಕೂತಿದೆ. ನಾಳೆ ಬಂದರೆ ನಾಡಿದ್ದು ಬನ್ನಿ ಅನ್ನುತ್ತೇನೆ.